ಟೇಪಿಗೆ ಯಾಕ್ರೀ ರೊಕ್ಕ?

ನಮ್ಮ ಕಾರಿಗೆ ಕೇಡುಗಾಲ ಶುರುವಾದದ್ದು ಭಕ್ತಿಯಿಂದ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ‘ಉಧೋ ಉಧೋ’ ಎನ್ನುತ್ತ ಜನ ಎರಚಿದ ಭಂಡಾರ ಬಾನೆಟ್ಟಿನ ಮೇಲೆ ಒಂದು ಪದರ ಕೂತಿತ್ತು. ಅದರಡಿಯಲ್ಲಿ ಬೈಲಹೊಂಗಲದಿಂದ ಹೊತ್ತು ತಂದ ಎರೆಮಣ್ಣಿನ ಧೂಳು. ನಾನು ಹೆಗಲ ಮೇಲಿನ ಟವೆಲ್ ತೆಗೆದು, ಹನಿ ನೀರೂ ಮುಟ್ಟಿಸದೆ ಗರಗರ ಒರೆಸಿದೆ. ಮರುದಿನ ಬಿಸಿಲಿಗೆ ನೋಡಿದರೆ ಕಡುನೀಲಿ ಬಣ್ಣದ ತುಂಬ ಜೇಡರ ಬಲೆಯಂಥ ಗೀರು.

ಹನ್ನೆರಡು ವರ್ಷದ ಕಾರು, ಹಾಗೇ ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ಹೆಂಡತಿಯ ತಮ್ಮನ ಮದುವೆ ರಾಮದುರ್ಗದಲ್ಲಿ ಗೊತ್ತಾಗಿ, ಮದುಮಗ ನಮ್ಮ ಕಾರಿನಲ್ಲೇ ಇಳಿಯಬೇಕೆಂದು ಹಿರಿಯರ ಅಪ್ಪಣೆಯಾಯಿತು.

ಕಿತ್ತೂರಿನ ಹೆದ್ದಾರಿ ಪಕ್ಕದ ಪೇಂಟರ್ ಮಿಸ್ತ್ರಿಯ ಹತ್ತಿರ ಹೋದೆ. ಆತ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಹೇಳಿದ: “ಪಾಲಿಶ್ ಒಂದ ದಿನದ್ದರಿ. ಅದಕ್ಕ ಮೊದಲ ಅರ್ಧಾ ದಿನ ಟೇಪ್ ಹಚ್ಚಾಕ ಬೇಕ್ರಿ. ಬೀಡಿಂಗ್, ಹ್ಯಾಂಡಲ್, ಬಂಪರ್, ಬಾಗಲದ ಅಂಚು, ಎಲ್ಲಾ ಮುಚ್ಚಬೇಕ್ರಿ. ಅದರ ರೊಕ್ಕ ಬ್ಯಾರೆ ಆಗ್ತೈತ್ರಿ.”

“ಟೇಪಿಗೆ ಯಾಕ್ರೀ ರೊಕ್ಕ? ನಾ ಏನ್ ಪಾರ್ಸೆಲ್ ಕಳಸಾಕ ಬಂದೇನೇನು?” ಎಂದೆ. 1824ರಲ್ಲಿ ರಾಣಿ ಚೆನ್ನಮ್ಮ ಥ್ಯಾಕರೆಯಂಥ ಕಲೆಕ್ಟರನಿಗೇ ಮಣಿಯದ ಊರಿನಲ್ಲಿ ನಿಂತು ಅಂಟುಪಟ್ಟಿಗೆ ಮಣಿಯುವುದೇ? ಕಾರು ತಿರುಗಿಸಿಕೊಂಡು ಬೈಲಹೊಂಗಲಕ್ಕೆ ಬಂದೆ.

ಟೈಲ್ಸ್ ಕೆಲಸದ ಗೆಳೆಯನಿಂದ ಕಟಿಂಗ್ ಮಷೀನು ತಂದೆ. ಅದಕ್ಕೆ ಉಣ್ಣೆಯ ಪ್ಯಾಡು ಸಿಕ್ಕಿಸಿದೆ. ಕಾರಿಗೆ ಟೇಪು ಹಚ್ಚಲಿಲ್ಲ, ನಿಜ. ನನ್ನ ಲುಂಗಿಗೆ ಕಲೆಯಾಗಬಾರದೆಂದು ಮಾತ್ರ ಗೊಬ್ಬರದ ಚೀಲ ಕಟ್ಟಿಕೊಂಡೆ, ತಲೆಗೆ ಟವೆಲ್ ಸುತ್ತಿದೆ. ಮುಚ್ಚಬೇಕಾದದ್ದು ಯಾವುದು ಎಂಬಲ್ಲಿಯೇ ನನ್ನ ಲೆಕ್ಕ ತಪ್ಪಿತ್ತು.

ಬಾನೆಟ್ಟಿನ ನಡುಭಾಗ ಮಾತ್ರ ಕನ್ನಡಿಯಾಯಿತು. ಎದುರು ಮನೆಯ ಅಜ್ಜ ಬಗ್ಗಿ ತನ್ನ ಮೀಸೆ ತಿದ್ದಿಕೊಂಡು ಹೋದ. ನನಗೆ ಮತ್ತೇರಿತು. ಹೆಡ್‌ಲೈಟಿನ ಪಕ್ಕ, ಮಡ್‌ಗಾರ್ಡಿನ ಅಂಚಿಗೆ ಮಷೀನು ಒತ್ತಿದೆ. ಬಿಳಿ ಪ್ಯಾಡು ನೀಲಿಯಾಗತೊಡಗಿತು. “ನೋಡ, ಹನ್ನೆರಡ ವರ್ಷದ ಕೊಳಿ ಹೆಂಗ ಬರಾಕತ್ತೈತಿ!” ಎಂದು ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಆಕೆ ನೋಡಿದ್ದು ಪ್ಯಾಡನ್ನಲ್ಲ. “ಅಲ್ರೀ, ಇಲ್ಲಿ ಬೂದಿ ಬಣ್ಣ ಯಾಕ ಕಾಣಾಕತ್ತೈತಿ?”

ಅದು ಪ್ರೈಮರ್ ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಗಾಬರಿಯಾಗಿ ಮಷೀನನ್ನು ಬಾಗಿಲ ಕಡೆಗೆ ಎಳೆದೆ. ಗಾಜಿನ ಕೆಳಗಿನ ಬೀಡಿಂಗಿನ ತುದಿ ಪ್ಯಾಡಿಗೆ ಸಿಕ್ಕು, ಕೇರೆಹಾವಿನಂತೆ ಎದ್ದು, ನನ್ನ ಮೊಣಕೈಗೆ ರಪ್ಪನೆ ಬಡಿಯಿತು. ಪ್ಯಾಡಿಗೆ ಬಳಿದಿದ್ದ ಪಾಲಿಶ್ ಕಾಂಪೌಂಡು ಸಿಡಿದು ತುಳಸಿಕಟ್ಟೆ, ಒಣಹಾಕಿದ್ದ ಸಂಡಿಗೆ ಎಲ್ಲಕ್ಕೂ ಪಾಲಿಶ್ ಆಯಿತು.

ಕರಿ ಪ್ಲಾಸ್ಟಿಕ್ಕಿನ ಬಂಪರು ವಿಭೂತಿ ಬಳಿದುಕೊಂಡ ಸ್ವಾಮಿಗಳಂತೆ ನಿಂತಿತ್ತು. ತೊಳೆದೆ, ಕರ್ರಗಾಯಿತು. ಗೆದ್ದೆನೆಂದು ಚಹಾ ಕುಡಿದು ಬಂದರೆ, ಒಣಗಿ ಮತ್ತೆ ಬೆಳ್ಳಗೆ. ಮೂರು ಸಲ ತೊಳೆದೆ, ಮೂರು ಚಹಾ ಕುಡಿದೆ. ಬೆಂಗಳೂರಿನಲ್ಲಿರುವ ಸೊಸೆ ಫೋನಿನಲ್ಲಿ “ಪೀನಟ್ ಬಟರ್ ಹಚ್ರಿ ಮಾವಾ, ಅದರಾಗಿನ ಎಣ್ಣಿ ಕಲಿ ಬಿಡಸ್ತೈತಿ” ಎಂದಳು. ಪೀನಟ್ ಎಂದರೆ ಶೇಂಗಾ. ನಮ್ಮ ಮನೆಯಲ್ಲಿ ಅದಕ್ಕೇನು ಬರ? ಹೋಳಿಗೆಗೆಂದು ಹುರಿದಿಟ್ಟಿದ್ದ ಶೇಂಗಾ ಮಿಕ್ಸರಿಗೆ ಹಾಕಿ, ಎಣ್ಣೆ ಬೆರೆಸಿ, ಬಂಪರಿಗೆ ಮೆತ್ತಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಬಿಳುಪು ಅರ್ಧಕ್ಕರ್ಧ ಹೋಯಿತು. ಪೂರಾ ಒರೆಸುವಷ್ಟರಲ್ಲಿ ಕತ್ತಲಾಯಿತು. ರಾತ್ರಿಯಿಡೀ ಓಣಿಯ ಎರಡು ನಾಯಿಗಳು ಉಳಿದ ಕೆಲಸ ಮುಗಿಸಿದವು. ಇರುವೆಗಳು ಬೆಳಗಿನ ಪಾಳಿಗೆ ಬಂದವು.

ಮತ್ತೆ ಕಿತ್ತೂರು. ಮಿಸ್ತ್ರಿ ನಗಲಿಲ್ಲ, ನಕ್ಕಿದ್ದರೆ ಚಲೋ ಇತ್ತು. “ಆ ನೀಲಿ ಕೊಳಿ ಅಲ್ಲರಿ ಮಾಲಕರ, ಬಣ್ಣ. ಮ್ಯಾಲಿನ ಕ್ಲಿಯರ್ ಕೋಟ್ ತಲಿಕೂದಲಕ್ಕಿಂತ ತೆಳ್ಳಗ ಇರ್ತೈತಿ. ಹಸಿ ಇದ್ದಾಗ ಅಂಚಿನಿಂದ ಹಿಂದ ಸರೀತೈತಿ, ಅಲ್ಲಿ ಇನ್ನಾ ತೆಳು. ನಡುವ ಪ್ಯಾಡಿನ ಭಾರ ಹರಡ್ತೈತಿ. ಅಂಚಿಗೆ ಬಂದ್ರ ಎಲ್ಲಾ ಭಾರ, ಎಲ್ಲಾ ಶಾಖ ಬಳ್ಳಿನಷ್ಟ ಜಾಗಾದ ಮ್ಯಾಲ. ಅದೂ ನಿಮ್ಮ ಕಟಿಂಗ್ ಮಷೀನ್ ನಿಮಿಷಕ್ಕ 11,000 ಸುತ್ತು. ನಮ್ಮದು ಎರಡ ಸಾವಿರ ದಾಟೂದಿಲ್ಲ.”

ಆಮೇಲೆ ಮಾಸ್ಕಿಂಗ್ ಟೇಪು ತೆಗೆದ. ಬಾಗಿಲ ಅಂಚಿನುದ್ದಕ್ಕೂ ಎಳೆದು, ಹೆಬ್ಬೆರಳಿನಿಂದ ಸವರಿ, ಹಲ್ಲಿನಿಂದ ಕಡಿದು, ಬಿಚ್ಚುವಾಗ ಉಗುರು ತಾಗಬಾರದೆಂದು ತುದಿಯನ್ನು ಚೂರು ಮಡಿಚಿದ. ನಡುಭಾಗಕ್ಕೆ ಮಷೀನು ಆಡಿಸಿ, ಟೇಪು ಬಿಚ್ಚಿ, ಉಳಿದ ಬೆರಳಗಲವನ್ನು ಮೆತ್ತನೆಯ ಬಟ್ಟೆಯಿಂದ ಕೈಯಲ್ಲೇ ತಿಕ್ಕಿದ. ಅರ್ಧ ದಿನ ಟೇಪು ಹಚ್ಚುವುದನ್ನೇ ನೋಡುತ್ತ ಕೂತೆ. ರೊಕ್ಕದ ಮಾತೆತ್ತಲಿಲ್ಲ. ಬೂದಿ ಕಂಡ ಅಂಚುಗಳಿಗೆ ಹೊಸ ಬಣ್ಣವೇ ಗತಿ, ಅದು ಮದುವೆಯ ನಂತರ ಎಂದ.

ಹಾಗಾಗಿ ರಾಮದುರ್ಗದಲ್ಲಿ ಮದುಮಗ ಇಳಿದಾಗ, ನಮ್ಮ ಕಾರಿನ ಅಂಚಿಗೆಲ್ಲ ಚೆಂಡುಹೂವಿನ ಮಾಲೆ. ಅಂಟಿಸಿದ್ದು ಮಾಸ್ಕಿಂಗ್ ಟೇಪಿನಿಂದ. ನನ್ನದೇ ರೊಕ್ಕದಿಂದ ಕೊಂಡದ್ದು. ಮಗ್ಗದ ಮುಂದೆ ಆಯುಷ್ಯ ಕಳೆದ ಹೆಣ್ಣಿನ ಅಜ್ಜ ಮಾಲೆ ಸರಿಸಿ ಬೆರಳಾಡಿಸಿದರು. “ಬೀಗರ, ಒಡಲು ಚಲೋ ಬಂದೈತಿ. ದಡಿ ಎಲ್ಲಿ ಹೋತು?”

ಮರಳುವಾಗ ಹೊಸ ಜೋಡಿಯನ್ನು ಎಲ್ಲಮ್ಮನ ದರ್ಶನಕ್ಕೆ ಕರೆದೊಯ್ದೆವು. ಮತ್ತೆ ಉಧೋ ಉಧೋ, ಮತ್ತೆ ಭಂಡಾರ. ನಡು, ಅಂಚು, ಬೂದಿ, ನೀಲಿ ಎಲ್ಲವೂ ಒಂದೇ ಹಳದಿ. ಕಣ್ತುಂಬ ನೋಡಿದೆ. ರೂಢಿಯಂತೆ ಕೈ ಹೆಗಲಿಗೆ ಹೋಯಿತು.

ಟವೆಲ್ ಇರಲಿಲ್ಲ. ಹೆಂಡತಿ ಮನೆಯಲ್ಲೇ ಬಚ್ಚಿಟ್ಟು ಬಂದಿದ್ದಳು.