ಅಧ್ಯಕ್ಷರ ಹಿಂಭಾಗ ಮತ್ತು ರಾಷ್ಟ್ರದ ಭದ್ರತೆ

ಫ್ರಾನ್ಸಿನವರು ಅಮೆರಿಕದ ಸರಕು ಹಡಗುಗಳನ್ನು ನಡುಸಮುದ್ರದಲ್ಲಿ ಸಾಲುಸಾಲಾಗಿ ಹಿಡಿದುಕೊಂಡು ಹೋಗುತ್ತಿದ್ದ ಕಾಲ. ಆಗ ರಾಜಧಾನಿಯಾಗಿದ್ದ ಫಿಲಡೆಲ್ಫಿಯಾದ ಸರ್ಕಾರ ಹಗಲೂ ರಾತ್ರಿ ಶತ್ರುವನ್ನು ಹುಡುಕುತ್ತಿತ್ತು. 1798ರ ಜುಲೈ ಕೊನೆಗೆ ಒಬ್ಬ ಸಿಕ್ಕಿಯೂ ಬಿದ್ದ. ಹೆಸರು ಲೂಥರ್ ಬಾಲ್ಡ್‌ವಿನ್, ಊರು ನ್ಯೂಜೆರ್ಸಿಯ ನೆವಾರ್ಕ್, ಸಿಕ್ಕಿಬಿದ್ದ ಜಾಗ ಹೆಂಡದಂಗಡಿ.

ಅಧ್ಯಕ್ಷ ಜಾನ್ ಆಡಮ್ಸ್ ಪತ್ನೀಸಮೇತರಾಗಿ ಆ ಊರಿನ ಮೇಲೆ ಹಾದು ಹೋಗುತ್ತಿದ್ದರು. ಚರ್ಚಿನ ಗಂಟೆ ಬಾರಿಸಿದರು, 16 ಸುತ್ತು ಫಿರಂಗಿ ಹಾರಿಸಿದರು. ‘ನೋಡು, ಅಧ್ಯಕ್ಷರು ಹೊರಟಿದ್ದಾರೆ, ಇವರು ಅವರ ಹಿಂಭಾಗಕ್ಕೆ ಗುಂಡು ಹಾರಿಸುತ್ತಿದ್ದಾರೆ’ ಎಂದು ಅಲ್ಲಿದ್ದವನೊಬ್ಬ ನಕ್ಕ. ಗಂಟಲು ತೇವ ಮಾಡಿಕೊಂಡಿದ್ದ ಬಾಲ್ಡ್‌ವಿನ್, ಹಿಂಭಾಗದೊಳಗಿಂದಲೇ ಹಾರಿಸಿದರೂ ತನ್ನದೇನೂ ತಕರಾರಿಲ್ಲ ಎಂದುಬಿಟ್ಟ. ಅಂಗಡಿಯವನಿಗೆ ಥಟ್ಟನೆ ದೇಶಪ್ರೇಮ ಉಕ್ಕಿತು. ಹೀಗೆ ಮಾತಾಡುವುದು ರಾಜದ್ರೋಹ ಎಂದ. ದೂರು ಹೋಯಿತು, ಕೇಸು ಬಿತ್ತು, ಬಾಲ್ಡ್‌ವಿನ್‌ಗೆ 150 ಡಾಲರ್ ದಂಡವಾಯಿತು. ರಾಜನನ್ನೇ ಓಡಿಸಿ ಕಟ್ಟಿದ ದೇಶದಲ್ಲಿ ರಾಜದ್ರೋಹ ಹೇಗೆ ಸಾಧ್ಯ ಎಂದು ಕೇಳುವಷ್ಟು ಎಚ್ಚರ ಪಾಪ ಅವನಿಗೆ ಆ ಹೊತ್ತಿನಲ್ಲಿ ಇರಲಿಲ್ಲ.

ಆಡಮ್ಸ್ ಅವರ ಬಗ್ಗೆಯೂ ಒಂದು ಮಾತು ಹೇಳಬೇಕು. 1789ರಲ್ಲಿ ಉಪಾಧ್ಯಕ್ಷರಾಗಿ ಸೆನೆಟ್ಟಿನ ಪೀಠದಲ್ಲಿ ಕೂತು, ದೇಶದ ಅಧ್ಯಕ್ಷರನ್ನು ಯಾವ ಬಿರುದಿನಿಂದ ಕರೆಯಬೇಕೆಂದು ವಾರಗಟ್ಟಲೆ ಚರ್ಚೆ ಬೆಳೆಸಿದವರು ಇವರೇ. ಬರೀ ‘ಅಧ್ಯಕ್ಷ’ ಎಂದರೆ ಕ್ರಿಕೆಟ್ ಕ್ಲಬ್ಬಿಗೂ ಒಬ್ಬರಿರುತ್ತಾರೆ ಎಂಬುದು ಅವರ ನೋವು. ಕೊನೆಗೆ ಕೆಲವರು ಇವರಿಗೇ ಒಂದು ಬಿರುದು ದಯಪಾಲಿಸಿದರು: ‘ಗುಂಡುಗುಂಡಾದ ಮಹಾಪ್ರಭುಗಳು’. ಹಾಗಾಗಿ ಗುರಿಯೇನೂ ಚಿಕ್ಕದಾಗಿರಲಿಲ್ಲ.

ಇಷ್ಟೆಲ್ಲ ಮೈ ಉರಿಯಲು ಮೂಲ ಪ್ಯಾರಿಸ್ಸಿನಲ್ಲಿತ್ತು. ಅಮೆರಿಕ 1794ರಲ್ಲಿ ಬ್ರಿಟನ್ ಜೊತೆ ಜೇ ಒಪ್ಪಂದ ಮಾಡಿಕೊಂಡಿತು. ಹಳೇ ಗೆಳೆಯ ಫ್ರಾನ್ಸ್ ಮುನಿಸಿಕೊಂಡು ಹಡಗು ಹಿಡಿಯತೊಡಗಿತು. ರಾಜಿ ಮಾಡಿಸಲು ಆಡಮ್ಸ್ ಮೂವರು ದೂತರನ್ನು ಕಳಿಸಿದರು. ಫ್ರಾನ್ಸಿನ ವಿದೇಶಾಂಗ ಮಂತ್ರಿ ತಾಲೆರಾಂ ಅವರ ದರ್ಶನವಾಗಬೇಕಾದರೆ ಮೊದಲು ಕೈ ಬಿಸಿ ಮಾಡಬೇಕು, ಸುಮಾರು 2,50,000 ಡಾಲರ್, ಅದರ ಮೇಲೊಂದು ದೊಡ್ಡ ಸಾಲ ಬೇರೆ ಎಂದು ದಲ್ಲಾಳಿಗಳು ಬಂದು ದರಪಟ್ಟಿ ಓದಿದರು. ಇತ್ತ ಕಾಂಗ್ರೆಸ್ಸಿನಲ್ಲಿ ಫ್ರಾನ್ಸ್ ಪರವಾಗಿದ್ದ ವಿರೋಧ ಪಕ್ಷದ ಜೆಫರ್ಸನ್ ಕಡೆಯವರಿಗೆ, ಆಡಮ್ಸ್ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿ. ಕಾಗದಪತ್ರ ಹೊರಗಿಡಿ ಎಂದು ಹಟ ಹಿಡಿದರು. ಆಡಮ್ಸ್ ತುಟಿ ಎರಡು ಮಾಡದೆ ತಂದಿಟ್ಟರು. ಓದಿದ ಮೇಲೆ ಕೇಳಿದವರ ಮುಖ ಇಂಗು ತಿಂದ ಮಂಗನಂತಾಯಿತು. ಕಾಗದದಲ್ಲಿ ದಲ್ಲಾಳಿಗಳ ಹೆಸರಿದ್ದ ಕಡೆ ಎಕ್ಸ್, ವೈ, ಝಡ್ ಎಂದು ಅಕ್ಷರ ಹಾಕಿದ್ದರು. ಆಡಳಿತ ಪಕ್ಷಕ್ಕೆ ಯಾವ ಪ್ರಣಾಳಿಕೆಯೂ ತಂದುಕೊಡದಷ್ಟು ಜನಪ್ರಿಯತೆಯನ್ನು ಈ ಮೂರು ಅಕ್ಷರ ತಂದುಕೊಟ್ಟವು.

‘ರಕ್ಷಣೆಗೆ ಕೋಟಿ ಕೊಟ್ಟೇವು, ಕಪ್ಪಕ್ಕೆ ಕಾಸೂ ಇಲ್ಲ’ ಎಂಬ ಘೋಷಣೆ ಊರೂರಲ್ಲಿ ಮೊಳಗಿತು. ರೋಮಾಂಚನವಾಗುವ ಮಾತೇ. ಒಂದು ಸಣ್ಣ ವಿಷಯ ಮಾತ್ರ ಘೋಷಣೆ ಕೂಗುವವರ ನೆನಪಿಗೆ ಬರಲಿಲ್ಲ. ಕಡಲ್ಗಳ್ಳತನಕ್ಕೆ ಹೆಸರಾದ ಆಲ್ಜೀರ್ಸಿನ ದೊರೆ ದೇಯ್‌ಗೆ 1795ರ ಒಪ್ಪಂದದಂತೆ 6,42,500 ಡಾಲರ್ ಕೊಡಲು ಒಪ್ಪಿದ್ದರು, ವರ್ಷವರ್ಷದ ಕಾಣಿಕೆ ಬೇರೆ. ಅದೂ ಸಾಲದೆ, ಪ್ಯಾರಿಸ್ಸಿನಲ್ಲಿ ಲಂಚದ ಮಾತು ನಡೆದಿದ್ದ ಆ ದಿನಗಳಲ್ಲೇ, ‘ಕ್ರೆಸೆಂಟ್’ ಎಂಬ ಹೊಚ್ಚಹೊಸ ಯುದ್ಧನೌಕೆಯನ್ನು ನ್ಯೂಹ್ಯಾಂಪ್‌ಶೈರಿನಲ್ಲಿ ಕಟ್ಟಿ ದೇಯ್‌ಗೆ ಉಡುಗೊರೆಯಾಗಿ ರವಾನಿಸಿದರು. ಎರಡು ವರ್ಷದ ಮೇಲೆ ಕಪ್ಪ ಹೊತ್ತು ಹೋದ ಹಡಗಿನ ಹೆಸರಂತೂ ‘ಜಾರ್ಜ್ ವಾಷಿಂಗ್ಟನ್’. ದೇಯ್ ಅದರ ಮೇಲೆ ತನ್ನ ಬಾವುಟ ಹಾರಿಸಿ, ಸಿಂಹ, ಉಷ್ಟ್ರಪಕ್ಷಿ, ಗಿಳಿಗಳನ್ನೆಲ್ಲ ತುಂಬಿ, ಇಸ್ತಾಂಬುಲ್‌ನ ಸುಲ್ತಾನರಿಗೆ ಮುಟ್ಟಿಸಿ ಬಾ ಎಂದು ಕಳಿಸಿದ. ಕ್ಯಾಪ್ಟನ್ ಬೇನ್‌ಬ್ರಿಜ್ ಮುಟ್ಟಿಸಿ ಬಂದರು. ಒಟ್ಟಿನಲ್ಲಿ ಫ್ರಾನ್ಸ್ ಕೇಳಿದರೆ ಲಂಚ, ಆಲ್ಜೀರ್ಸ್ ಕೇಳಿದರೆ ರಾಜತಂತ್ರ.

ಹೊರಗಿನವರ ಮೇಲಿನ ಸಿಟ್ಟಿನಲ್ಲಿ ಸರ್ಕಾರ ಒಳಗಿನವರ ಬಾಯಿಗೂ ಕೈ ಹಾಕಿತು. ವಿದೇಶೀಯರು ಪೌರತ್ವಕ್ಕೆ 5 ವರ್ಷ ಕಾಯುತ್ತಿದ್ದದ್ದು 14 ಆಯಿತು, ಏಕೆಂದರೆ ಬಂದಿಳಿದ ಐರಿಶರು ವೋಟು ಹಾಕುತ್ತಿದ್ದದ್ದು ಜೆಫರ್ಸನ್ ಪಕ್ಷಕ್ಕೆ. 1798ರ ಜುಲೈ 14ರಂದು, ಅಂದರೆ ಫ್ರೆಂಚರು ಬಾಸ್ತೀಲ್ ಕೋಟೆ ಒಡೆದ ದಿನವೇ, ರಾಜದ್ರೋಹ ಕಾಯ್ದೆಗೆ ಸಹಿ ಬಿತ್ತು: ಸರ್ಕಾರವನ್ನೋ ಕಾಂಗ್ರೆಸ್ಸನ್ನೋ ಅಧ್ಯಕ್ಷರನ್ನೋ ದುರುದ್ದೇಶದಿಂದ ಸುಳ್ಳು ಬರೆದು ಹಳಿದರೆ 2,000 ಡಾಲರ್‌ವರೆಗೆ ದಂಡ, 2 ವರ್ಷದವರೆಗೆ ಜೈಲು.

ಈ ಕಾಯ್ದೆ ಬರೆದವರ ಕೈಗೆ ಚಿನ್ನದ ಕಡಗ ತೊಡಿಸಬೇಕು. ರಕ್ಷಣೆ ಪಡೆದವರ ಪಟ್ಟಿಯಲ್ಲಿ ಉಪಾಧ್ಯಕ್ಷರ ಹೆಸರಿಲ್ಲ. ಆಗ ಆ ಕುರ್ಚಿಯಲ್ಲಿ ಇದ್ದವರು ವಿರೋಧಿ ನಾಯಕ ಜೆಫರ್ಸನ್. ಅವರನ್ನು ಬೆಳಗ್ಗೆ ಸಂಜೆ ಬಯ್ಯಬಹುದಿತ್ತು, ಅದು ಪತ್ರಿಕಾ ಸ್ವಾತಂತ್ರ್ಯ. ಕಾಯ್ದೆಯ ಆಯುಷ್ಯವನ್ನೂ ಅದರಲ್ಲೇ ಬರೆದಿಟ್ಟರು: 1801ರ ಮಾರ್ಚ್ 3. ಮಾರನೆಯ ದಿನ ಹೊಸ ಅಧ್ಯಕ್ಷರ ಪ್ರಮಾಣವಚನ. ಚುನಾವಣೆ ಮುಗಿಯುವ ತನಕ ದೇಶ ಅಪಾಯದಲ್ಲಿರುತ್ತದೆ, ಸೋತರೆ ಆ ಕತ್ತಿ ಎದುರಾಳಿಯ ಕೈಗೆ ಸಿಗಬಾರದು, ಅಷ್ಟೇ.

ಈ ಕಾಯ್ದೆಯಡಿ ಮೊದಲು ಶಿಕ್ಷೆಯಾದವರು ವರ್ಮಾಂಟಿನ ಸಂಸದ ಮ್ಯಾಥ್ಯೂ ಲಿಯಾನ್. ಜೀತದ ಕರಾರಿನಲ್ಲಿ ಐರ್ಲೆಂಡಿನಿಂದ ಬಂದವರು, ನಾಜೂಕಿನ ಮನುಷ್ಯರೇನಲ್ಲ. ಆ ವರ್ಷ ಜನವರಿಯಲ್ಲಿ ಕನೆಕ್ಟಿಕಟ್‌ನ ರೋಜರ್ ಗ್ರಿಸ್‌ವಲ್ಡ್ ಹಳೇ ಯುದ್ಧದ ಅವಮಾನವೊಂದನ್ನು ಎತ್ತಿ ಆಡಿದಾಗ, ಸದನದಲ್ಲೇ ಅವರ ಮುಖಕ್ಕೆ ಉಗಿದಿದ್ದರು. ಎರಡು ವಾರ ಕಳೆದು ಗ್ರಿಸ್‌ವಲ್ಡ್ ದೊಣ್ಣೆ ತಂದು ಬಾರಿಸಿದರು. ಲಿಯಾನ್ ಬೆಂಕಿಗೂಡಿನ ಇಕ್ಕಳ ಹಿಡಿದು ಎದ್ದರು. ಇಬ್ಬರ ಸದಸ್ಯತ್ವವೂ ಉಳಿಯಿತು. ಉಗಿದರೆ ಮಾಫಿ, ಬಡಿದರೂ ಮಾಫಿ. ಆದರೆ ಅಧ್ಯಕ್ಷರಿಗೆ ಆಡಂಬರದ ಹುಚ್ಚು ಎಂದು ಬರೆದದ್ದಕ್ಕೆ ಲಿಯಾನ್‌ಗೆ 4 ತಿಂಗಳ ಜೈಲು, 1,000 ಡಾಲರ್ ದಂಡ. ವರ್ಮಾಂಟಿನ ಮತದಾರರು ಜೈಲಿನಲ್ಲಿದ್ದವರನ್ನೇ ಮತ್ತೆ ಗೆಲ್ಲಿಸಿದರು. 1801ರ ಫೆಬ್ರುವರಿಯಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಬರ್ 73–73 ಸಮ ಬಂದು ತೀರ್ಮಾನ ಸದನಕ್ಕೆ ಬಿದ್ದಾಗ, 36ನೇ ಸುತ್ತಿನಲ್ಲಿ ವರ್ಮಾಂಟಿನ ಮತ ಜೆಫರ್ಸನ್‌ಗೆ ಬೀಳುವಂತೆ ಮಾಡಿದ್ದೂ ಇದೇ ಲಿಯಾನ್.

ಜೆಫರ್ಸನ್ ಕಡೆಯವರು ಹಾಲಿನಲ್ಲಿ ತೊಳೆದವರೆಂದು ಯಾರೂ ಭಾವಿಸಬೇಕಿಲ್ಲ. ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ ಜೆಫರ್ಸನ್ ಫಿಲಿಪ್ ಫ್ರೆನೊ ಎಂಬ ಕವಿಗೆ 250 ಡಾಲರ್ ಸಂಬಳದ ಅನುವಾದಕನ ಕೆಲಸ ಕೊಟ್ಟರು. ಆತ ಸರ್ಕಾರಿ ಸಂಬಳ ಎಣಿಸಿಕೊಳ್ಳುತ್ತಾ ಸರ್ಕಾರವನ್ನೇ ಬಯ್ಯುವ ಪತ್ರಿಕೆ ನಡೆಸಿದ. (ಈ ಫ್ರೆನೊನ ನಂಟು ನಮಗೂ ಉಂಟು. 1782ರಲ್ಲಿ ಪೆನ್ಸಿಲ್ವೇನಿಯಾದ ಹಡಗೊಂದು ಬ್ರಿಟಿಷ್ ನೌಕೆಯನ್ನು ಸೆರೆಹಿಡಿದಾಗ ಆತ ಪದ್ಯ ಕಟ್ಟಿದ. ಹಡಗಿನ ಹೆಸರು ‘ಹೈದರ್ ಅಲಿ’. ಮೈಸೂರಿನ ನವಾಬರ ಹೆಸರಿಗೆ ಅಲ್ಲಿ ಅಷ್ಟು ಬೆಲೆ.)

ಆಡಮ್ಸ್ ಕೊನೆಗೆ 1800ರಲ್ಲಿ ಫ್ರಾನ್ಸ್ ಜೊತೆ ಶಾಂತಿ ಒಪ್ಪಂದ ಮಾಡಿಸಿದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎನ್ನುವಷ್ಟು ಒಳ್ಳೆಯ ಕೆಲಸ. ಸ್ವಪಕ್ಷದವರು ಅದನ್ನು ಮಾತ್ರ ಕ್ಷಮಿಸಲಿಲ್ಲ. ಆ ಪಕ್ಷದ ಮುಖಂಡ ಹ್ಯಾಮಿಲ್ಟನ್ ಆಡಮ್ಸರನ್ನು ಹಿಗ್ಗಾಮುಗ್ಗಾ ಜಾಡಿಸಿ ಒಂದು ಪುಸ್ತಿಕೆಯನ್ನೇ ಬರೆದರು. ಇದಕ್ಕಿಂತ ಮೆತ್ತಗೆ ಬರೆದವರು ಜೈಲು ಕಂಡಿದ್ದರು; ಹ್ಯಾಮಿಲ್ಟನ್‌ಗೆ ನೋಟಿಸೂ ಬರಲಿಲ್ಲ.

ಜೆಫರ್ಸನ್ ಗೆದ್ದರು, ಕಾಯ್ದೆಯಡಿ ಶಿಕ್ಷೆಯಾದವರಿಗೆ ಕ್ಷಮಾದಾನ ಕೊಟ್ಟರು. ಅವರಲ್ಲಿ ಜೇಮ್ಸ್ ಕ್ಯಾಲೆಂಡರ್ ಎಂಬ ಬರಹಗಾರನೂ ಇದ್ದ; ಆಡಮ್ಸರನ್ನು ಬಯ್ಯುವಾಗ ಅವನಿಗೆ ಖರ್ಚಿಗೆ ಕೊಟ್ಟಿದ್ದವರು ಜೆಫರ್ಸನ್. ಬಯ್ದುಕೊಟ್ಟ ಋಣ ತೀರಿಸಿ ಎಂದು ಆತ ರಿಚ್ಮಂಡಿನ ಪೋಸ್ಟ್‌ಮಾಸ್ಟರ್ ಹುದ್ದೆ ಕೇಳಿದ, ಸಿಗಲಿಲ್ಲ. 1802ರಲ್ಲಿ ಜೆಫರ್ಸನ್ ಮತ್ತು ಅವರ ಮನೆಯ ಗುಲಾಮಳು ಸ್ಯಾಲಿ ಹೆಮಿಂಗ್ಸ್ ಅವರ ಸಂಬಂಧವನ್ನು ಅಚ್ಚು ಹಾಕಿದ. ಕೆಲವೇ ತಿಂಗಳಲ್ಲಿ ಪತ್ರಿಕಾ ಸ್ವಾತಂತ್ರ್ಯದ ಹರಿಕಾರರು ಪೆನ್ಸಿಲ್ವೇನಿಯಾ ಗವರ್ನರಿಗೆ ಗುಟ್ಟಾಗಿ ಕಾಗದ ಬರೆದರು: ಎಲ್ಲರ ಮೇಲೆ ಬೇಡ, ಆರಿಸಿದ ಒಂದೆರಡು ಕೇಸು ಹಾಕಿದರೆ ಪತ್ರಿಕೆಗಳ ಆರೋಗ್ಯಕ್ಕೆ ಒಳ್ಳೆಯದು.

ಕ್ಯಾಲೆಂಡರ್‌ಗೆ ಹಣ ಕೊಟ್ಟದ್ದು ಜೆಫರ್ಸನ್ ಎಂದು ಬರೆದ ನ್ಯೂಯಾರ್ಕಿನ ಹ್ಯಾರಿ ಕ್ರಾಸ್‌ವೆಲ್ ಮೇಲೆ ಅಲ್ಲಿನ ಜೆಫರ್ಸನ್ ಪಕ್ಷದವರು ಕೇಸು ಜಡಿದರು. ಬರೆದದ್ದು ನಿಜ ಎಂದು ತೋರಿಸಲೂ ಅವಕಾಶ ಕೊಡಲಿಲ್ಲ. 1804ರಲ್ಲಿ ಆಲ್ಬನಿಯ ಮೇಲ್ಮನವಿಯಲ್ಲಿ ಆ ಪತ್ರಕರ್ತನ ಪರ ನಿಂತು, ಸತ್ಯ ಬರೆಯುವುದು ಅಪರಾಧವಲ್ಲ ಎಂದು ಗಂಟೆಗಟ್ಟಲೆ ವಾದಿಸಿದವರು ಸಾಕ್ಷಾತ್ ಹ್ಯಾಮಿಲ್ಟನ್. ನ್ಯಾಯಾಧೀಶರು 2–2 ಭಾಗವಾದರು. ಅಷ್ಟರಲ್ಲಿ ಅದೇ ಊರಿನ ಊಟದ ಮೇಜೊಂದರಲ್ಲಿ ಹ್ಯಾಮಿಲ್ಟನ್ ಉಪಾಧ್ಯಕ್ಷ ಬರ್ ಬಗ್ಗೆ ಆಡಿದ ಮಾತು ಪತ್ರಿಕೆಯಲ್ಲಿ ಬಂತು. ಬರ್ ಕೋರ್ಟು ಕಚೇರಿ ಎಂದು ಅಲೆಯಲಿಲ್ಲ, ಜುಲೈ 11ರ ಬೆಳಗ್ಗೆ ದ್ವಂದ್ವಕ್ಕೆ ಪಿಸ್ತೂಲು ತಂದರು.