ಸ್ವಂತ ದನಿ ಹುಟ್ಟೂದು ಎಲ್ಲಿ?

ಯಾಕ್ರೀ ಕಾಕಾ, ಕಮಲನಾರಾಯಣ ಗುಡಿ ಕಡೆ ಹೊಂಟ್ರೇನು? ಒಂದೀಟು ಬೇಲಿ ಹಂತ್ಯಾಕ ನಿಂದರ್ರಿ. ರಾತ್ರಿ ಗೀಗೀ ಪದಾ ಕೇಳಿ ಬರೂವಾಗ ನೀವು ಅಂದ ಮಾತು ಇನ್ನೂ ತಲ್ಯಾಗ ಐತಿ. “ಹುಡುಗ ಛಂದ ಹಾಡ್ತಾನ, ಖರೆ ಎಲ್ಲಾ ಗುರುವಿನ ನಕಲು, ತಂದಂತ ಏನೂ ಇಲ್ಲ” ಅಂದ್ರಿ.

ನಕಲು ಮಾಡ್ಲಿ ಬಿಡ್ರಿ. ಹರದೇಶಿ-ನಾಗೇಶಿ ಹಾಡಕಿನಽ ನೋಡ್ರಿ. ಹರದೇಶ್ಯಾರು ಶಿವ ದೊಡ್ಡಾಂವ ಅಂತಾರ, ನಾಗೇಶ್ಯಾರು ಶಕ್ತಿ ದೊಡ್ಡಾಕಿ ಅಂತಾರ. ಮುಂದಿನಾಂವ ದಪ್ಪು ಬಡದು ಸವಾಲು ಒಗೀತಾನ, ಹಿಂದ ತುಂತುಣಿ, ತಾಳ ಸೊಲ್ಲು ಎತ್ತತಾವ. ಎದುರು ಮೇಳದವರು ಮೊದಲ ಆ ಸವಾಲು ಬಿಡಿಸಬೇಕು, ಆಮ್ಯಾಲ ತಮ್ಮ ಪದಾ. ಎದುರಿನವರ ಪಟ್ಟು ಗೊತ್ತಿಲ್ಲದಾಂವಗ ಜವಾಬು ಎಲ್ಲಿಂದ ಹೊಳೀಬೇಕ್ರಿ?

ಅಮೆರಿಕಾದ ಜಾಝ್ ಮಂದಿನೂ ಹಿಂಗಽ. 1940ರ ಆಸುಪಾಸಿನ್ಯಾಗ ನ್ಯೂಯಾರ್ಕಿನ ಮಿಂಟನ್ಸ್ ಕ್ಲಬ್ಬಿನ್ಯಾಗ ರಾಯ್ ಎಲ್ಡ್ರಿಜ್, ಡಿಜ್ಜಿ ಗಿಲೆಸ್ಪಿ ಟ್ರಂಪೆಟ್ ಹಿಡದು ಜಿದ್ದಿಗೆ ಬೀಳತಿದ್ರು. ಡಿಜ್ಜಿ ವಯಸ್ಸಿಗೆ ಸಣ್ಣಾಂವ, ಎಲ್ಡ್ರಿಜ್‌ನಂಗಽ ಊದಬೇಕಂತ ಹಟಾ ಹಿಡದಿದ್ದ. ಪೂರಾ ಬರಲಿಲ್ಲ. ಬರಲಿಲ್ಲಂತಽ ಬ್ಯಾರೆ ಹಾದಿ ಹುಡುಕಿದ. ಆ ಹಾದಿನಽ ಬೀಬಾಪ್ ಅನ್ನೂ ಹೊಸಾ ನಮೂನಿ ಜಾಝ್ ಆತು.

“ಅಲ್ಲಿದು ಬಿಡೋ ತಮ್ಮಾ, ನಮ್ಮ ಕಡೇದು ಹೇಳು” ಅಂತೀರಿ? ನಮ್ಮ ಜಿಲ್ಲಾದ ಸುಳೇಭಾವ್ಯಾಗ 1924ರಾಗ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಸಣ್ಣಾಂವಿದ್ದಾಗ ದೊಡ್ಡ ದೊಡ್ಡ ಗವಾಯಿಗಳ ಗ್ರಾಮೋಫೋನ್ ತಟ್ಟಿ ಕೇಳಿ ಹಂಗಽ ಹಾಡಿ ತೋರಸ್ತಿದ್ದ. ಕುಮಾರ ಗಂಧರ್ವ ಅಂತ ಹೆಸರು ಬಂತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಕ್ಷಯ ಹತ್ತಿತು. ಮಧ್ಯಪ್ರದೇಶದ ದೇವಾಸದಾಗ ಹಾಸಗಿ ಹಿಡದ. ಹಾಡೂಹಂಗಿಲ್ಲ ಅಂದ್ರು ಡಾಕ್ಟರು. ವರ್ಷಗಟ್ಟಲೆ ಬಾಯಿ ಬಂದ್, ಕಿವಿ ಅಷ್ಟಽ ತೆರದಿತ್ತು; ಮಾಳವಾದ ಹೆಣ್ಣಮಕ್ಕಳ ಹಾಡು ಅದರಾಗ ಇಳೀತು. ಎದ್ದು ಹಾಡಾಕ ಕುಂತಾಗ ಮೊದಲಿನ ಉಸಿರು ಇರಲಿಲ್ಲ. ಉದ್ದ ತಾನಿನ ಜಾಗಾಕ್ಕ ಸಣ್ಣ ಸಣ್ಣ, ಮಿಂಚಿನಂಥ ಸ್ವರದ ತುಣುಕು ಬಂದ್ವು. ಅಂಥಾ ಹಾಡಕಿ ಮೊದಲ ಯಾರೂ ಕೇಳಿರಲಿಲ್ಲ.

ಗಂಗೂಬಾಯಿ ಹಾನಗಲ್ಲರದೂ ಮೊದಲ ಸಣ್ಣ, ಇಂಪು ದನಿನಽ. ಗಂಟಲ ಬ್ಯಾನಿ ಬಂದ ಮ್ಯಾಲ ಅದು ಗಂಡುದನಿ ಆತು. ಅಕ್ಕಾರು ಹಳೇ ದನಿಗೆ ಅಳತಾ ಕುಂದರಲಿಲ್ಲ. ಆ ಭಾರ ದನಿ ಮ್ಯಾಲಽ ತಮ್ಮ ಗಾಯಕಿ ಕಟ್ಟಿದ್ರು.

ಅದಕ್ಕಽ ಹೇಳ್ತೀನ್ರಿ ಕಾಕಾ, ಹುಡುಗ ಗುರುವಿನಂಗಽ ಹಾಡ್ಲಿ, ಎದುರು ಮೇಳದವರ ಧಾಟಿನೂ ಕಲೀಲಿ. ಒಂದಿನ ಗುರುವಿನ ಏರುದನಿ ಅವನ ಗಂಟಲಿಗೆ ನಿಲುಕೂದಿಲ್ಲ. ಅಲ್ಲಿ ಅಂವ ಏನು ಮಾಡ್ತಾನೋ ಅದಽ ಅವನ ಸ್ವಂತದ್ದು. ಆವತ್ತು ಮಂದಿ ತಪ್ಪಿದಾ ಅಂತ ನಕ್ರ, ನೀವು ಮಾತ್ರ ನಗಬ್ಯಾಡ್ರಿ. ಜೋರಾಗಿ ಶಾಬಾಶ್ ಅನ್ರಿ.