ಅಂದಾಜು ತಪ್ಪಿದ ಭಾವಮೈದ

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವಮೈದನಿಗೆ ಹೋದ ವರ್ಷ ಮೇ ತಿಂಗಳಲ್ಲಿ ಕೆಲಸ ಹೋಯಿತು, ದುಡ್ಡು ಬಂತು. ದುಡ್ಡೆಂದರೆ 401(ಕೆ), ನಮ್ಮ ಪಿಎಫ್ ಥರದ ನಿವೃತ್ತಿಯ ಗಂಟು. ಬೇರೆ ನಿವೃತ್ತಿ ಖಾತೆಗೆ ವರ್ಗಾಯಿಸಿದ್ದರೆ ತಾಪತ್ರಯವಿರಲಿಲ್ಲ. ಮನೆ ಸಾಲ ಬಾಗಿಲಲ್ಲಿ ನಿಂತಿತ್ತು, ಗಂಟು ಬಿಚ್ಚಿದ. 60,000 ಡಾಲರ್. ಅದರಲ್ಲಿ ಶೇ. 20 ಕಡ್ಡಾಯವಾಗಿ ಹಿಡಿದೇ ಕೊಟ್ಟರು. "ತೆರಿಗೆ ಕಥೆ ಮುಗೀತು ಭಾವ" ಎಂದ.

ಮುಗಿದಿರಲಿಲ್ಲ. ಗಂಡ ಹೆಂಡಿರ ಆದಾಯ ಸೇರಿ ಅವರ ತೆರಿಗೆಯ ಮೆಟ್ಟಿಲು ಶೇ. 24. ಐವತ್ತೊಂಬತ್ತೂವರೆ ತುಂಬುವ ಮೊದಲೇ ಗಂಟಿಗೆ ಕೈಹಾಕಿದ್ದಕ್ಕೆ ಇನ್ನೊಂದು ಶೇ. 10. ಕೇಂದ್ರಕ್ಕೇ 8,400 ಡಾಲರ್ ಬಾಕಿ. ರಾಜ್ಯದ ಪಾಲು ಬೇರೆ.

ಮುಂದಿನ ಏಪ್ರಿಲ್‌ಗೆ ಕಟ್ಟಿದರಾಯಿತು ಎಂದು ಸುಮ್ಮನಿದ್ದ. ಅಲ್ಲಿ ಆದಾಯ ಬಂದ ಹಾಗೇ ತೆರಿಗೆ ಕಟ್ಟಬೇಕು. ಎಸ್ಟಿಮೇಟೆಡ್ ಟ್ಯಾಕ್ಸ್ ಎಂದು ಹೆಸರು. ಅಂದಾಜು ನಿಮ್ಮದು, ತಪ್ಪಿದರೆ ದಂಡ ಅವರದು. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮರುವರ್ಷದ ಜನವರಿ 15, ಹೀಗೆ ನಾಲ್ಕು ಕ್ವಾರ್ಟರ್. ಮೊದಲನೆಯದು ಮೂರು ತಿಂಗಳು, ಎರಡನೆಯದು ಎರಡು, ಮೂರನೆಯದು ಮೂರು, ಕೊನೆಯದು ನಾಲ್ಕು. ಕ್ವಾರ್ಟರ್ ಅಳತೆಯಲ್ಲಿ ಈ ಆಟವನ್ನು ನಮ್ಮೂರ ವೈನ್ ಶಾಪಿನವನು ಆಡಿದ್ದರೆ ಗಿರಾಕಿಗಳು ಶಟರ್ ಕೀಳುತ್ತಿದ್ದರು. ಕ್ಯಾಲಿಫೋರ್ನಿಯಾ ರಾಜ್ಯದ ಕಂತುಗಳಂತೂ ಶೇ. 30, 40, ಸೊನ್ನೆ, 30. ಸೆಪ್ಟೆಂಬರ್‌ಗೆ ಯಾಕೆ ಸೊನ್ನೆ? ಪಿತೃಪಕ್ಷವಿರಬೇಕು.

ಮೇ ತಿಂಗಳ ಹಣಕ್ಕೆ ಏಪ್ರಿಲ್‌ನಲ್ಲೇ ಕಂತು ಬಾಕಿ ಎಂಬುದು ಮಾಮೂಲಿ ಲೆಕ್ಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸದ ತಪ್ಪು. ಕೂಸು ಹುಟ್ಟಿದ್ದೇ ಮೇನಲ್ಲಿ ಎಂದು ತೋರಿಸಬೇಕಾದರೆ 2210 ಎಂಬ ಫಾರಂ ತುಂಬಬೇಕು. ಗಂಟು ತೆಗೆದದ್ದಕ್ಕೆ ಸಾಕ್ಷಿಯಾದ 1099-ಆರ್ ಚೀಟಿ ಕಳಿಸಲು ಜನವರಿ 31ರ ತನಕ ಗಡುವು. ಕೊನೆಯ ಕಂತಿನ ಗಡುವು ಅದಕ್ಕೂ ಹದಿನಾರು ದಿನ ಮೊದಲು. ಬೀಗರೂಟ ಮುಗಿದ ಮೇಲೆ ಲಗ್ನಪತ್ರಿಕೆ ತಲುಪಿದ ಹಾಗೆ.

ದಂಡ ತೆತ್ತ. ಅಷ್ಟರಲ್ಲಿ ತೆರಿಗೆಯ ಸಾಫ್ಟ್‌ವೇರ್ ಹೋದ ವರ್ಷದ ತೆರಿಗೆಯ ಲೆಕ್ಕದಲ್ಲೇ ಈ ವರ್ಷಕ್ಕೂ ನಾಲ್ಕು ಕಂತಿನ ಚೀಟಿ ಮುದ್ರಿಸಿಕೊಟ್ಟಿತು. ಆದಾಯ 1,50,000 ಡಾಲರ್ ದಾಟಿದ್ದವರು ಹಿಂದಿನ ವರ್ಷದ ತೆರಿಗೆಯ ಶೇ. 110 ಕಟ್ಟಿಬಿಟ್ಟರೆ ದಂಡವಿಲ್ಲವಂತೆ. ಮಗಳ ಮದುವೆ ಒಮ್ಮೆ ಮಾಡಿದವನ ಹತ್ತಿರ ಛತ್ರದವನು ಮರುವರ್ಷ ಶೇ. 10 ಸೇರಿಸಿ ಬಾಡಿಗೆ ಕೇಳಿದಂತೆ.

"ಈ ವರ್ಷ ಗಂಟೇ ಇಲ್ವಲ್ಲ ಭಾವ!"

"ಹಾಗಾದ್ರೆ ಈ ವರ್ಷದ ತೆರಿಗೆ ಅಂದಾಜು ಮಾಡಿ ಅದರ ಶೇ. 90 ಕಟ್ಟು. ಅದಕ್ಕೂ ಕಾನೂನು ಒಪ್ಪುತ್ತೆ."

"ಅಂದಾಜು ಮಾಡೋಕೆ ಬರ್ತಿದ್ರೆ ಕೆಲಸ ಹೋಗೋದು ಮೊದಲೇ ಗೊತ್ತಾಗ್ತಿರಲಿಲ್ವಾ?"

ಈಗ ಹೊಸ ಕೆಲಸ ಸಿಕ್ಕಿದೆ. ಜೊತೆಗೆ ಆಡಿಟರ್ ಒಂದು ಗುಟ್ಟು ಹೇಳಿದ್ದಾರೆ. ಡಿಸೆಂಬರ್‌ನಲ್ಲಿ ನೀವಾಗಿ ಚೆಕ್ ಬರೆದರೆ ಹಿಂದಿನ ಕಂತುಗಳಿಗೆ ತಡ. ಅದೇ ಮೊತ್ತವನ್ನು ಅದೇ ಡಿಸೆಂಬರ್‌ನಲ್ಲಿ ಕಂಪನಿ ಸಂಬಳದಿಂದ ಹಿಡಿದರೆ ವರ್ಷವಿಡೀ ಸಮನಾಗಿ ಕಟ್ಟಿದಂತೆ. ಕೊಟ್ಟರೆ ತಡ, ಕಿತ್ತುಕೊಂಡರೆ ಸಕಾಲ!

"ಡಿಸೆಂಬರ್‌ನಲ್ಲಿ ಜಾಸ್ತಿ ಹಿಡ್ಕೊಳ್ಳಿ ಅಂತ ಬರೆದುಕೊಡ್ತೀನಿ ಭಾವ. ಆದ್ರೆ ಡಿಸೆಂಬರ್ ತನಕ ಅವರು ನನ್ನನ್ನ ಹಿಡ್ಕೊಂಡಿರಬೇಕಲ್ಲ!"